ಮೊದಲ ಯುಗಾದಿಗೆ ನಾನು ಬಂದಿರಲಿಲ್ಲ

ಬ್ರಿಸ್ಬೇನ್‌ನ ಫಾರೆಸ್ಟ್ ಲೇಕ್‌ನ ಕೆರೆ ದಂಡೆಯಲ್ಲಿ ನಡೆದ ಮೊದಲ ಯುಗಾದಿ ಊಟಕ್ಕೆ ನಾನು ಬಂದಿರಲಿಲ್ಲ. ಬಂದಿದ್ದೆನೆಂದು ಇಲ್ಲಿನ ಕನ್ನಡ ಬಳಗದ ಸ್ಮರಣ ಸಂಚಿಕೆಯಲ್ಲಿ ಬರೆದದ್ದು ಸುಳ್ಳು. ಆ ವರ್ಷ ನಾನಿದ್ದದ್ದು ಪರ್ತ್‌ನಲ್ಲಿ, ಕ್ಯಾನಿಂಗ್ಟನ್‌ನ ಒಂದು ಬಾಡಿಗೆ ಕೋಣೆಯಲ್ಲಿ. ಬ್ರಿಸ್ಬೇನ್ ಮುಖ ನೋಡಿದ್ದೇ ಮರುವರ್ಷ.

ಒಂದು ವರ್ಷದ ವ್ಯತ್ಯಾಸ — ಇಷ್ಟಕ್ಕೆಲ್ಲ ಸುಳ್ಳು ಹೇಳುತ್ತಾರೆಯೇ ಎಂದು ಹೊರಗಿನವರು ಕೇಳಬಹುದು. ಬಳಗದವರು ಕೇಳುವುದಿಲ್ಲ. ಇಲ್ಲಿ ಮೊದಲು ಬಂದವರಿಗೆ ಮುಂದಿನ ಸಾಲಿನ ಕುರ್ಚಿ, ದೀಪ ಹಚ್ಚುವ ಗೌರವ. ಉಳಿದವರೆಲ್ಲ ಆಮೇಲೆ ಬಂದವರು. ಹದಿನೈದು ವರ್ಷ ದುಡಿದರೂ — ಹಾಲ್ ಬುಕ್ ಮಾಡಿ, ಕುರ್ಚಿ ಜೋಡಿಸಿ, ಪಾತ್ರೆ ತಿಕ್ಕಿ — ನಾನು ಆಮೇಲೆ ಬಂದವನೇ. ರೇಗಿಹೋಗಿತ್ತು ನನಗೆ. ಬಳಗದ ಚರಿತ್ರೆ ಬರೆಯುವ ಕೆಲಸವನ್ನೂ ನನ್ನ ತಲೆಗೇ ಕಟ್ಟಿದಾಗ, ಮೊದಲ ಊಟದ ಏಳು ಮನೆಯವರ ಪಟ್ಟಿಗೆ ನನ್ನ ಹೆಸರನ್ನೂ ಸೇರಿಸಿಬಿಟ್ಟೆ. ಏಳು ಎಂಟಾಯಿತು. ನಾಲ್ಕು ಮನೆಯವರು ಅಷ್ಟರಲ್ಲಿ ಊರು ಬಿಟ್ಟಿದ್ದರು. ಇದ್ದವರಿಗೆ ತಮ್ಮ ಹೆಸರು ಸರಿಯಾಗಿ ಅಚ್ಚಾಗಿದೆಯೇ ಎಂಬುದಷ್ಟೇ ಚಿಂತೆ.

ಗಮನಿಸಿದ್ದು ಬಷೀರ್ ಅಂಕಲ್ ಒಬ್ಬರೇ. ಮೈಸೂರಿನಿಂದ ಬಂದ ಡಾಕ್ಟರು, ಆ ಊಟಕ್ಕೆ ಎಲ್ಲರನ್ನೂ ಫೋನ್ ಮಾಡಿ ಕರೆದವರು. ಎಪ್ಪತ್ತು ದಾಟಿದ್ದರೂ ವಾರಕ್ಕೆರಡು ದಿನ ಕ್ಲಿನಿಕ್‌ಗೆ ಹೋಗುತ್ತಿದ್ದರು. ಸಂಚಿಕೆ ಬಿಡುಗಡೆಯ ದಿನ, ಎಲ್ಲರೆದುರಿಗೆ, ಕನ್ನಡಕ ಏರಿಸಿ ನಗುತ್ತಲೇ ಕೇಳಿದರು: "ನೀನು ಅವತ್ತು ಬಂದಿದ್ಯೇನಪ್ಪಾ? ನಂಗೆ ಜ್ಞಾಪಕಾನೇ ಇಲ್ವಲ್ಲ."

ಇಲ್ಲ ಅಂಕಲ್ ಎಂದಿದ್ದರೆ ಒಂದು ಗಳಿಗೆಯ ಅವಮಾನ, ಅಷ್ಟೆ. ನಾನು ಅವರ ಭುಜ ತಟ್ಟಿ — ನನ್ನ ಬಾಯಿಗೆ ಹುಳ ಬೀಳಲಿ — ಹೇಳಿದೆ: "ಪರ್ವಾಗಿಲ್ಲ ಬಿಡಿ ಅಂಕಲ್, ವಯಸ್ಸಾದ್ಮೇಲೆ ಮರ್ತುಹೋಗತ್ತೆ." ಸುತ್ತ ಇದ್ದವರು ನಕ್ಕರು. ಅಂಕಲ್ ನಗಲಿಲ್ಲ, ನನ್ನಲ್ಲಿ ಕ್ಷಮೆ ಕೇಳಿದರು.

ಮುಂದಿನ ತಿಂಗಳು ಅವರು ಕ್ಲಿನಿಕ್ ಬಿಟ್ಟರು. ಮನುಷ್ಯನನ್ನೇ ಮರೆತವನು ಔಷಧಿ ಮರೆಯುವುದಿಲ್ಲವೇ ಎಂದರಂತೆ. ಪರೀಕ್ಷೆ ಮಾಡಿಸಿದರು, ಏನೂ ತೊಂದರೆಯಿಲ್ಲ ಎಂದೇ ಬಂತು. ಅವರಿಗೆ ಮಾತ್ರ ನಂಬಿಕೆ ಬರಲಿಲ್ಲ. ಕಾರು ಮಾರಿ, ಆಂಟಿಯೊಂದಿಗೆ ಅಡಿಲೇಡ್‌ನ ಮಗಳ ಮನೆ ಸೇರಿದರು. ಇದೆಲ್ಲ ಗೊತ್ತಿದ್ದೂ ನಾನು ನಾಲ್ಕು ವರ್ಷ ಮುಂದಿನ ಸಾಲಿನಲ್ಲಿ ಕೂತೆ. ದೀಪವನ್ನೂ ಹಚ್ಚಿದೆ — ಥೂ, ನಾಚಿಕೆಗೇಡು.

ಕಳೆದ ತಿಂಗಳು ಅಡಿಲೇಡ್ ಪಕ್ಕದ ಗ್ಲೆನೆಲ್ಗ್‌ನ ಆ ಮನೆಗೆ ಹೋಗಿ, ಅವರೆದುರು ಕೂತು, ಎಲ್ಲವನ್ನೂ ಒಪ್ಪಿಕೊಂಡೆ. ಬೈಯುತ್ತಾರೆ ಎಂದುಕೊಂಡಿದ್ದೆ — ಬೈಯಲಿ ಎಂದೇ ಹೋಗಿದ್ದೆ. ಅಂಕಲ್ ನನ್ನ ಕೈ ಹಿಡಿದುಕೊಂಡರು. "ನನ್ನ ಸಮಾಧಾನಕ್ಕೆ ಅಂತ ಇಷ್ಟು ದೂರ ಬಂದು ಸುಳ್ಳು ಹೇಳ್ತಿದೀಯ. ದೊಡ್ಡ ಮನಸ್ಸು ಕಣಪ್ಪಾ ನಿಂದು. ಆದ್ರೆ ನಿನ್ನ ಹೆಸ್ರು ಸಂಚಿಕೇಲೇ ಅಚ್ಚಾಗಿದ್ಯಲ್ಲ."

ಎಷ್ಟು ಹೇಳಿದರೂ ನಂಬಲಿಲ್ಲ. ಆಂಟಿ ಬಾಗಿಲವರೆಗೆ ಬಂದರು. "ನಾನು ನಂಬ್ತೀನಿ," ಎಂದರು. "ಇನ್ಮೇಲೆ ಈ ಮನೆಗೆ ಬರ್ಬೇಡ."

ಹೋಗುವುದಿಲ್ಲ. ಅಂಕಲ್ ನಂಬುವುದು ಅಚ್ಚಾದದ್ದನ್ನು. ಹಾಗಾಗಿ ಇದನ್ನು ಈ ವರ್ಷದ ಸಂಚಿಕೆಗೇ, ನನ್ನ ಹೆಸರು ಹಾಕಿ, ಕೊಡುತ್ತಿದ್ದೇನೆ. ಅವರು ಬಿಟ್ಟ ಕೆಲಸವನ್ನಾಗಲಿ, ಕಳೆದ ವರ್ಷಗಳನ್ನಾಗಲಿ ಇದು ವಾಪಸು ತರುವುದಿಲ್ಲ — ಗೊತ್ತು. ಅಂಕಲ್, ಓದಿ. ನೀವು ಏನನ್ನೂ ಮರೆತಿರಲಿಲ್ಲ.