ಅಪ್ಪನ ಬಿಪಿ ಮತ್ತು ಸೀಟಿನ ಟವೆಲ್

ಅಪ್ಪ ಬಂದರಿನಲ್ಲಿ ಲಾರಿ ಓಡಿಸುತ್ತಾರೆ. ಈ ವರ್ಷ ಗೇಟ್ ಪಾಸ್ ಮುಂದುವರಿಸಲು ಫಿಟ್ನೆಸ್ ಚೀಟಿ ಕೇಳಿದರು. ತಪಾಸಣೆಯಲ್ಲಿ ಬಿಪಿ 164/102 ಬಂತು. ಚೀಟಿ ಸಿಗಲಿಲ್ಲ. ಎರಡು ತಿಂಗಳೊಳಗೆ ಇಳಿಸಿಕೊಂಡು ಬರಬೇಕು, ಇಲ್ಲವಾದರೆ ಪಾಸ್ ಇಲ್ಲ, ಕೆಲಸವೂ ಇಲ್ಲ. ಅಂದೇ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆರೆದೆ.

ಮೊದಲ ಮಾತ್ರೆಗೆ ಬಿಪಿ ಇಳಿಯಿತು, ಒಣಕೆಮ್ಮು ಶುರುವಾಯಿತು. ಒಂದು ಊಟದಲ್ಲಿ ಇಪ್ಪತ್ಮೂರು ಸಲ. ಅದನ್ನೂ ಬರೆದೆ. ನಾವಿರುವ ಬಡಾವಣೆ ಮಂಗೋರ್ ಹಿಲ್‌ನ ಡಾಕ್ಟರು ಪುಟ ನೋಡಿ ಮಾತ್ರೆ ಬದಲಿಸಿದರು. ರಕ್ತನಾಳದ ಗೋಡೆಯಲ್ಲಿ ರಿಸೆಪ್ಟರ್ ಎಂಬ ಜಾಗಗಳಿವೆ, ಒಂದು ಹಾರ್ಮೋನು ಅಲ್ಲಿ ಬಂದು ಕೂತರೆ ನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ ಎಂದರು. ಹಳೆಯ ಮಾತ್ರೆ ಆ ಹಾರ್ಮೋನನ್ನೇ ಕಡಿಮೆ ಮಾಡುತ್ತಿತ್ತು. ಹೊಸದು ಅದರ ಜಾಗದಲ್ಲಿ ತಾನೇ ಮೊದಲು ಕೂರುತ್ತದೆ. ದಿನಕ್ಕೊಂದು.

"ಜನರಲ್ ಡಬ್ಬಿಯಾಗ ಟವೆಲ್ ಒಗದಂಗ," ಅಂದರು ಅಪ್ಪ. ಊರಿಗೆ ಹೋಗುವ ಹುಬ್ಬಳ್ಳಿ ಗಾಡಿಯಲ್ಲಿ ಅವರು ಸೀಟು ಹಿಡಿಯುವುದು ಕಿಟಕಿಯಿಂದ ಟವೆಲ್ ಎಸೆದೇ.

"ಹೌದ್ರಿ, ಹಂಗ," ಅಂದರು ಡಾಕ್ಟರು. ತೊಂದರೆ ಅಲ್ಲಿಂದ ಶುರು.

ಹೊಸ ಮಾತ್ರೆಯ ಇಪ್ಪತ್ತೊಂದನೇ ದಿನ ಬೆಳಿಗ್ಗೆ 158/98. ಪುಟದಲ್ಲಿ ಇಪ್ಪತ್ತು ಟಿಕ್ ಇದ್ದವು. ಮೂವತ್ತರಲ್ಲಿ ಹತ್ತು ಮಾತ್ರೆ ಉಳಿಯಬೇಕು, ಹದಿನಾಲ್ಕು ಉಳಿದಿದ್ದವು. ಮರುತಪಾಸಣೆಗೆ ಒಂಬತ್ತು ದಿನವಿತ್ತು.

"ನಾಲ್ಕು ಹೆಚ್ಚಿಗಿ ಅದಾವಲ್ಲಪ್ಪಾ."

"ಮೊನ್ನೆ ನಾಲ್ಕು ದಿನ ಊರಿಗೆ ಹೋಗೂಮುಂದ ಒಯ್ಲಿಲ್ಲ. ಸೀಟಿಗೆ ಟವೆಲ್ ಹಾಕಿತ್ತಲ್ಲ. ಹಾಕಿದ್ದರ ಮ್ಯಾಲೆ ದಿನಾ ಯಾರು ಹಾಕ್ತಾರ?"

ಆ ನಾಲ್ಕು ದಿನವೂ ಫೋನಿನಲ್ಲಿ "ತಗೊಂಡೆ" ಅಂದಿದ್ದರು. ನಾನು ಟಿಕ್ ಹಾಕಿದ್ದೆ.

ಅವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು: "ಟವೆಲ್ ಹಾಕಿ ಲೋಂಡಾ ಸ್ಟೇಷನ್ನಿನಾಗ ಚಾ ಕುಡಿಯಾಕ ಇಳೀತೀರಿ. ಅದನ್ನ ಸರಿಸಿ ಯಾರೂ ಕುಂದ್ರೂದಿಲ್ಲೇನ್ರಿ?"

ಅಪ್ಪ ಒಪ್ಪಿಕೊಂಡರು: "ಮಂದಿ ಟವೆಲ್ ಸರಿಸಿ ನಾನರ ಕುಂದರ್ತೇನಿ."

ಹಾಗೆ ಎಷ್ಟು ಸಲ ಕೂತಿದ್ದಾರೆ ಎಂಬ ಲೆಕ್ಕ ನನ್ನ ಬಳಿ ಇಲ್ಲ. ಆದರೆ ಅವತ್ತು ಅವರಾಗಿಯೇ ಮಾತ್ರೆ ಕೇಳಿ ನುಂಗಿದರು. ಮುಂದಿನ ದಿನಗಳಲ್ಲಿ ನಾನು ಬಾಯಿಮಾತಿಗೆ ಟಿಕ್ ಹಾಕಲಿಲ್ಲ, ಮಾತ್ರೆ ಎಣಿಸಿ ಹಾಕಿದೆ.

ಮರುತಪಾಸಣೆಯಲ್ಲಿ 134/84. ಚೀಟಿ ಸಿಕ್ಕಿತು. ಸಂಜೆ ಅಪ್ಪ ಹೊಸ ಪಾಸನ್ನು ಕೊರಳಿಗೆ ಹಾಕಿಕೊಂಡೇ ಊಟಕ್ಕೆ ಕೂತರು.

"ಇವತ್ತೊಂದಿನ ಬಿಡ್ಲೇನು?"

ಅವ್ವ ನೀರಿನ ಲೋಟ ಮುಂದಿಟ್ಟಳು. "ಗಾಡಿ ಇನ್ನೂ ಲೋಂಡಾ ದಾಟಿಲ್ರಿ."

ನುಂಗಿದರು. ಟಿಕ್ ಹಾಕಿದೆ. ಉಳಿದದ್ದು ನಾಲ್ಕು.