ಮಾತ್ರೆಗೆ ಪ್ರಾರ್ಥನೆ ಇಲ್ಲವಂತೆ

ನನ್ನ ನಾದಿನಿ ಗ್ರೇಸಿಗೆ ಫಿಟ್ಸ್ ವಾಸಿಯಾಗಿದೆ. ಈ ಸುದ್ದಿ ಅವಳಿಗೆ ಗೊತ್ತು, ಅವಳ ಪ್ರೇಯರ್ ಗ್ರೂಪಿಗೆ ಗೊತ್ತು, ಅರ್ಧ ಭದ್ರಾವತಿಗೆ ಗೊತ್ತು. ಗೊತ್ತಿಲ್ಲದ್ದು ಇಬ್ಬರಿಗೇ. ಒಬ್ಬರು ಅವಳ ಡಾಕ್ಟರು. ಇನ್ನೊಂದು, ಆ ಫಿಟ್ಸು.

ಹೋದ ವಾರ ಶಿವಮೊಗ್ಗದ ನಮ್ಮ ಮನೆಯಲ್ಲಿ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ಅವಳ ಫೋನ್ ಬಂತು.

"ಅತ್ತಿಗೆ, ಭಾನುವಾರ ಬಂದ್ಬಿಡಿ. ನಮ್ಮ ಗ್ರೂಪಲ್ಲಿ ನನ್ನ ಸಾಕ್ಷಿ ಇದೆ."

"ಏನ್ ಸಾಕ್ಷಿ ಮಾರಾಯ್ತಿ?"

"ನಂಗೆ ವಾಸಿ ಆಯ್ತಲ್ಲ. ಮಾತ್ರೆ ನಿಲ್ಸಿದೀನಿ."

"ಡಾಕ್ಟ್ರು ಹೇಳಿದ್ರಾ?"

"ಇಲ್ಲ, ಬ್ರದರ್ ಹೇಳಿದ್ರು."

ದೋಸೆ ಸೀದು ಹೋಯಿತು.

ಬ್ರದರ್ ಅಂದರೆ ಗ್ರೇಸಿ ಈಚೆಗೆ ಸೇರಿಕೊಂಡಿರುವ ಪ್ರೇಯರ್ ಗ್ರೂಪನ್ನು ನಡೆಸುವವರು. ಹೆಸರು ಬರೆಯುವುದಿಲ್ಲ. ಬರೆದರೆ ಈ ಬರಹವನ್ನೂ ಕತ್ತರಿಸಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿಕೊಂಡಾರು.

ನಮ್ಮವರಲ್ಲದ ಓದುಗರಿಗೆ ಒಂದು ವಿವರಣೆ. ದೇವರು ತನಗೆ ಮಾಡಿದ ಉಪಕಾರವನ್ನು ಸಭೆಯ ಮುಂದೆ ನಿಂತು ಹೇಳುವುದಕ್ಕೆ ನಮ್ಮಲ್ಲಿ ಸಾಕ್ಷಿ ಅನ್ನುತ್ತೇವೆ. ಒಳ್ಳೆಯ ಪದ್ಧತಿ. ಒಬ್ಬರ ಕಷ್ಟ ಹೇಗೋ ಕಳೆಯಿತು ಎಂದು ಕೇಳಿದರೆ ಇನ್ನೊಬ್ಬರಿಗೆ ಧೈರ್ಯ ಬರುತ್ತದೆ. ನಾನೂ ಹೇಳಿದ್ದೇನೆ. ಆದರೆ ಈ ಬ್ರದರ್ ಹೊಸದೊಂದು ಶುರು ಮಾಡಿದ್ದಾರೆ. ಉಪಕಾರ ಆಗುವ ಮೊದಲೇ ಸಾಕ್ಷಿ! ಆಗಿದೆ ಎಂದು ಬಾಯಿಬಿಟ್ಟು ಹೇಳಿದರೆ ಆಗುತ್ತದಂತೆ. ಹಾಗೆ ಹೇಳಿದ ಮೇಲೂ ಮಾತ್ರೆ ನುಂಗಿದರೆ ದೇವರ ಮೇಲೆ ನಂಬಿಕೆ ಇಲ್ಲ ಎಂದಾಗುತ್ತದಂತೆ. ಆದ್ದರಿಂದ ಮೊದಲು ಮಾತ್ರೆ ಬಿಡಬೇಕು, ಆಮೇಲೆ ಮೈಕು, ಆಮೇಲೆ ಚಪ್ಪಾಳೆ. ಗುಣ ಯಾವಾಗ? ಅದು ದೇವರ ಚಿತ್ತ.

ನಗುತ್ತಿದ್ದೀರಾ? ನಗಬೇಡಿ. ನಿಮ್ಮ ಬೀದಿಯಲ್ಲೂ ಒಬ್ಬರಿದ್ದಾರೆ. ಬ್ರದರ್ ಅನ್ನುವುದಿಲ್ಲ, ಅಷ್ಟೆ.

ಗ್ರೇಸಿಗೆ ಹುಡುಗಿಯಾಗಿದ್ದಾಗಿನಿಂದ ಫಿಟ್ಸ್. ಮದುವೆಯಾದ ಹೊಸದರಲ್ಲಿ ಅನ್ನ ಬಸಿಯುವಾಗ ಬಿದ್ದು, ಕುದಿಯುವ ಗಂಜಿ ಮೊಳಕೈವರೆಗೂ ಚೆಲ್ಲಿತ್ತು. ಆ ಕಲೆ ಈಗಲೂ ಇದೆ. ಆಮೇಲೆ ಒಳ್ಳೆಯ ಡಾಕ್ಟರೊಬ್ಬರು ಸಿಕ್ಕಿದರು, ಅವರು ಕೊಟ್ಟ ಮಾತ್ರೆ ಹಿಡಿಯಿತು. ಅಲ್ಲಿಂದ ಇಲ್ಲಿಯವರೆಗೆ ಅವಳು ಒಬ್ಬಳೇ ಅಡುಗೆ ಮಾಡಿದ್ದಾಳೆ, ಒಬ್ಬಳೇ ಸಂತೆಗೆ ಹೋಗಿದ್ದಾಳೆ, ಒಬ್ಬಳೇ ಬಚ್ಚಲಿನ ಚಿಲಕ ಹಾಕಿಕೊಂಡು ಸ್ನಾನ ಮಾಡಿದ್ದಾಳೆ. ಇದು ದೊಡ್ಡ ವಿಷಯವೇ ಎಂದು ಕೇಳುವವರು ಬಾಗಿಲು ತೆರೆದಿಟ್ಟು ಸ್ನಾನ ಮಾಡಬೇಕಾದ ಹೆಣ್ಣುಮಗಳನ್ನು ಕೇಳಿ ನೋಡಿ.

ನನಗೆ ಸಣ್ಣ ಸಣ್ಣ ಕೃಪೆಗಳನ್ನು ನೆನೆದು ಸ್ತೋತ್ರ ಹೇಳುವ ಅಭ್ಯಾಸ. ಸಿಲಿಂಡರ್ ನೆಂಟರು ಬರುವ ಮೊದಲೇ ಬಂದರೆ ಸ್ತೋತ್ರ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದರೆ ಸ್ತೋತ್ರ. ಗ್ರೇಸಿಯ ಆ ಬಿಳಿ ಮಾತ್ರೆಗೂ ನಾನು ದಿನಾ ಸ್ತೋತ್ರ ಹೇಳುತ್ತಿದ್ದೆ. ಅದು ದೇವರು ಕೊಟ್ಟದ್ದಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ.

ನಮ್ಮ ಸಭೆಯ ಅಯ್ಯನವರಿಗೆ, ಅಂದರೆ ಪಾಸ್ಟರಿಗೆ, ಫೋನ್ ಮಾಡಿದೆ. ಬೈಬಲಿನ ವೇದಶಾಸ್ತ್ರ ಓದಿ ಡಿಗ್ರಿ ಪಡೆದವರು. ಎಲ್ಲ ಕೇಳಿಸಿಕೊಂಡು, "ಇದು ಸ್ವಲ್ಪ ಸೂಕ್ಷ್ಮ ಅಮ್ಮ. ಬೇರೆ ಗ್ರೂಪಿನವರ ವಿಷಯ. ಪ್ರಾರ್ಥನೇಲಿ ಇಡೋಣ" ಅಂದರು. ಸರ್ಕಾರಿ ಆಫೀಸಿನಲ್ಲಿ 'ಪರಿಶೀಲಿಸೋಣ' ಅನ್ನುತ್ತಾರಲ್ಲ, ಅದರ ಕ್ರೈಸ್ತ ಆವೃತ್ತಿ ಇದು.

ಶನಿವಾರ ನಾನೇ ಬಸ್ಸು ಹತ್ತಿದೆ.

ಗ್ರೇಸಿ ಮುಖ ಅರಳಿಸಿಕೊಂಡು ಬಾಗಿಲು ತೆಗೆದಳು. ಮಂಚದ ಮೇಲೆ ಭಾನುವಾರಕ್ಕೆಂದು ಇಸ್ತ್ರಿ ಮಾಡಿದ ಸೀರೆ. ನನಗೆಂದು ಮೀನು ಸಾರು ಮಾಡಿದ್ದಳು. ಮೀನು ಸಾರು ಅಂದರೆ ಅವಳಿಗೂ ಪ್ರಾಣ. ಆದರೆ ತಟ್ಟೆಗೆ ಹಾಕಿಕೊಂಡದ್ದು ಮೊಸರನ್ನ. ಅದನ್ನೂ ಬಾಯಿಯ ಒಂದೇ ಪಕ್ಕದಲ್ಲಿ ನಿಧಾನವಾಗಿ ಅಗಿಯುತ್ತಿದ್ದಳು.

"ಗ್ರೇಸಿ, ನಾಲಿಗೆ ತೋರ್ಸು."

"ಏನಿಲ್ಲ ಅತ್ತಿಗೆ, ಬಾಯಿ ಹುಣ್ಣು."

"ತೋರ್ಸೇ."

ತೋರಿಸಿದಳು. ಅಂಚಿನಲ್ಲಿ ಹಲ್ಲು ಕಚ್ಚಿದ ಗಾಯ, ಇನ್ನೂ ಹಸಿ. ಫಿಟ್ಸ್ ಬಂದಾಗ ಆಗುವ ಗಾಯ ಅದು. ನಮ್ಮ ಮನೆಗಳಲ್ಲಿ ಅದನ್ನು ಗುರುತಿಸಲು ಯಾರೂ ಕಲಿಸಬೇಕಿಲ್ಲ.

"ಯಾವಾಗ?"

"ನಿನ್ನೆ ಸಂಜೆ. ಇವ್ರು ಇನ್ನೂ ಬಂದಿರ್ಲಿಲ್ಲ. ನಾನೇ ಎದ್ದು ಕೂತ್ಕೊಂಡೆ. ಅತ್ತಿಗೆ, ದಮ್ಮಯ್ಯ, ನಾಳೆ ತನಕ ಯಾರ್ಗೂ ಹೇಳ್ಬೇಡಿ. ನಂಬಿಕೆ ಸಾಲ್ದು ಅಂತಾರೆ."

ಬಿದ್ದದ್ದಕ್ಕಿಂತ ಹೆಚ್ಚಾಗಿ ಬಿದ್ದದ್ದು ಗೊತ್ತಾಗುವುದಕ್ಕೇ ಅವಳು ಹೆದರಿದ್ದಳು. ದೇವರ ಹೆಸರಿನಲ್ಲಿ ಒಬ್ಬ ಹೆಂಗಸಿಗೆ ಮಾಡಿದ ಉಪಕಾರ ಇದು!

ತಟ್ಟೆ ಪಕ್ಕಕ್ಕಿಟ್ಟು ಅವಳು ಕೇಳಿದ್ದು ಇನ್ನೊಂದು ಪ್ರಶ್ನೆ. "ಬೆಂಕಿಗೂ ನೀರಿಗೂ ಬೀಳ್ತಿದ್ದ ಆ ಹುಡುಗನ್ನ ಸ್ವಾಮಿ ಒಂದೇ ಮಾತಿಗೆ ಎಬ್ಬಿಸಿದ್ರಲ್ಲ ಅತ್ತಿಗೆ? ನಂಗ್ಯಾಕಿಲ್ಲ? ಅವನಿಗಿದ್ದದ್ದು ದೆವ್ವ ಅಂತ ಬರ್ದಿದೆ. ಹಂಗಾದ್ರೆ ನನ್ನ ಒಳಗೂ ಅದೇನಾ?"

ಗೊತ್ತಿಲ್ಲದವರಿಗೆ ಹೇಳುತ್ತೇನೆ, ನಮ್ಮ ಸ್ವಾಮಿಯ ಕಥೆ ಹೇಳುವ ಬೈಬಲಿನ ಸುವಾರ್ತೆಯಲ್ಲಿ ಹಾಗೊಬ್ಬ ಹುಡುಗ ಬರುತ್ತಾನೆ. ಬೀಳುತ್ತಾನೆ, ನೊರೆ ಸುರಿಸುತ್ತಾನೆ, ಸೆಟೆದುಕೊಳ್ಳುತ್ತಾನೆ. ಫಿಟ್ಸ್ ನೋಡಿದವರಿಗೆ ಆ ಭಾಗ ಓದುವಾಗ ಮೈ ಜುಮ್ಮೆನ್ನುತ್ತದೆ. ನಾನು ಅದನ್ನು ಎಷ್ಟೋ ಸಲ ಓದಿ, ಎಷ್ಟೋ ಸಲ ಪುಟ ಮಗುಚಿ ಮುಂದೆ ಹೋಗಿದ್ದೇನೆ. ಆ ಕಾಲದವರು ಕಾಯಿಲೆಯನ್ನೇ ದೆವ್ವ ಅಂದರು ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಅಕ್ಷರ ಅಕ್ಷರವೂ ನಿಜ, ದೆವ್ವ ಅಂದರೆ ದೆವ್ವವೇ ಎಂದು ಇನ್ನು ಕೆಲವರು ಮೇಜು ಕುಟ್ಟುತ್ತಾರೆ. ಇಬ್ಬರೂ ಗ್ರೇಸಿಯ ಪಕ್ಕ ಕೂತು ಅವಳ ತಲೆ ಹಿಡಿದುಕೊಂಡವರಲ್ಲ.

ನನಗೆ ಕಾಡುವುದು ಬೇರೆ. ಆ ಊರಿನಲ್ಲಿ ಅವನೊಬ್ಬನಿಗೇ ಫಿಟ್ಸ್ ಇತ್ತೇ? ಪಕ್ಕದ ಬೀದಿಯಲ್ಲಿ ಇನ್ನೊಬ್ಬಳು ಇದ್ದಿರಲಾರಳೇ? ಸ್ವಾಮಿ ಆ ಬೀದಿಗೆ ಹೋಗದೆ ಮುಂದಿನ ಊರಿಗೆ ಹೊರಟರೆ ಅವಳ ಗತಿ ಏನಾಯಿತು? ಅವಳ ವಿಷಯ ಯಾರೂ ಬರೆದಿಲ್ಲ.

"ನಂಗೂ ಗೊತ್ತಿಲ್ಲ ಗ್ರೇಸಿ," ಅಂದೆ. "ಆದ್ರೆ ಒಂದ್ ಮಾತು. ಸಾಯೋ ಹಿಂದಿನ ರಾತ್ರಿ ಸ್ವಾಮಿನೂ ತೋಟದಲ್ಲಿ ಮಂಡಿ ಊರಿ, ಈ ಕಷ್ಟ ನಂಗೆ ಬೇಡ ತಂದೆ ಅಂತ ಬೇಡ್ಕೊಂಡ್ರು. ತಪ್ಪಲಿಲ್ಲ. ಅವ್ರಿಗೂ ನಂಬಿಕೆ ಸಾಲ್ದೇ ಬಂತಾ?"

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಸಂಜೆ ಬ್ರದರ್ ಬಂದರು, ಭಾನುವಾರದ ತಯಾರಿಗೆ. ಜಿಪ್ ಇರುವ ಕವರಿನಿಂದ ಬೈಬಲ್ ತೆಗೆದರು. ಅದಕ್ಕೂ ಮೊದಲು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. (ಬ್ರದರ್ ಕಣ್ಣಿಗೆ ಯಾಕೋ ಸಾಕ್ಷಿ ಅನ್ವಯವಾಗುವುದಿಲ್ಲ. ಇದನ್ನು ಬಾಯಿಬಿಟ್ಟು ಹೇಳದೆ ತಡೆದುಕೊಂಡೆ. ಅದೂ ಒಂದು ಸಣ್ಣ ಕೃಪೆ.) ಗ್ರೇಸಿಯ ಗಂಡ ಪ್ರಕಾಶ ಆಗಷ್ಟೇ ಮಾಚೇನಹಳ್ಳಿಯ ವರ್ಕ್‌ಶಾಪಿನಿಂದ ಬಂದು ಕೈಕಾಲು ತೊಳೆದು ಮೂಲೆಯಲ್ಲಿ ಕೂತಿದ್ದ. ದೊಡ್ಡ ಮಾತುಗಾರನಲ್ಲ.

ಬ್ರದರ್ ಓದಿದ್ದು ಯಾವ ಭಾಗ ಅಂದುಕೊಂಡಿರಿ? ಅದೇ ಹುಡುಗನದ್ದು.

"ನೋಡಿ ಸಿಸ್ಟರ್, ಅಪ್ಪ ನಂಬಿದ, ಮಗ ಎದ್ದ. ಸಿಂಪಲ್."

"ಅಪ್ಪ ಪೂರ್ತಿ ನಂಬ್ಲಿಲ್ಲ ಬ್ರದರ್," ಅಂದೆ. "ನಂಬ್ತೀನಿ, ಆದ್ರೆ ನನ್ನ ಅಪನಂಬಿಕೆಗೂ ನೀವೇ ಏನಾದ್ರೂ ಮಾಡಿ ಅಂತ ಕೂಗ್ಕೊಂಡ. ಸ್ವಾಮಿ ಅಷ್ಟೇ ಸಾಕು ಅಂತ ತಗೊಂಡ್ರು."

"ಪರ್ವಾಗಿಲ್ಲ, ಸಿಸ್ಟರ್ ಚೆನ್ನಾಗಿ ಓದ್ಕೊಂಡಿದೀರ."

"ಇನ್ನೂ ಸ್ವಲ್ಪ ಇದೆ. ಆ ಹುಡುಗನ್ನ ಮೊದ್ಲು ಶಿಷ್ಯರ ಹತ್ರ ಕರ್ಕೊಂಡು ಹೋಗಿದ್ರು. ಅವ್ರ ಕೈಲಿ ಆಗ್ಲಿಲ್ಲ. ಆಮೇಲೆ ನಂಬಿಕೆ ಸಾಲ್ದು ಅಂತ ಬೈಸ್ಕೊಂಡಿದ್ದು ಹುಡುಗನಾ, ಶಿಷ್ಯರಾ?"

ಬ್ರದರ್ ಪುಟ ನೋಡಿದರು. ಪುಟದಲ್ಲಿ ಏನಿದೆ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

"ಶಿಷ್ಯರು," ಅಂದ ಪ್ರಕಾಶ, ಮೂಲೆಯಿಂದ.

"ಹಂಗಾದ್ರೆ ಗ್ರೇಸಿಗೆ ವಾಸಿ ಆಗ್ದೇ ಇದ್ರೆ ನಂಬಿಕೆ ಸಾಲ್ದೇ ಇರೋದು ಯಾರಿಗೆ ಬ್ರದರ್?"

"ಸಿಸ್ಟರ್, ಹಿಂಗೆಲ್ಲ ಪ್ರಶ್ನೆ ಮಾಡೋದು ಸೈತಾನನಿಗೆ ಬಾಗ್ಲು ತೆಗ್ದಂಗೆ."

ಎಷ್ಟು ಅನುಕೂಲದ ಸೈತಾನ ನೋಡಿ! ಬ್ರದರಿಗೆ ಉತ್ತರ ತಿಳಿಯದ ಕಡೆಯಲ್ಲೆಲ್ಲ ಸರಿಯಾದ ಟೈಮಿಗೆ ಬಂದು ನಿಲ್ಲುತ್ತಾನೆ. ನಿನಗೆ ಮಗ ಹುಟ್ಟುತ್ತಾನೆ ಎಂದು ದೇವದೂತನೇ ಬಂದು ಹೇಳಿದಾಗಲೂ ಸ್ವಾಮಿಯ ತಾಯಿ ಮರಿಯಳು 'ಅದು ಹೇಗೆ ಸಾಧ್ಯ' ಎಂದು ಕೇಳಿದವಳು. ದೇವದೂತ ಸಿಟ್ಟಾಗಲಿಲ್ಲ, ಕೂತು ವಿವರಿಸಿದ. ದೇವದೂತನಿಗೆ ಇದ್ದ ತಾಳ್ಮೆ ಪ್ರೇಯರ್ ಗ್ರೂಪ್ ನಡೆಸುವವರಿಗೆ ಇರಬಾರದೇ?

ಅವರು ನನ್ನನ್ನು ಬಿಟ್ಟು ಗ್ರೇಸಿಯ ಕಡೆ ತಿರುಗಿದರು. "ನೀನು ಹೇಳಮ್ಮ. ವಾಸಿ ಆಗಿದ್ಯಾ, ಇಲ್ವಾ?"

ಅವಳು ಒಮ್ಮೆ ನನ್ನನ್ನು, ಒಮ್ಮೆ ಗಂಡನನ್ನು ನೋಡಿದಳು. ಮಂಚದ ಮೇಲಿನ ಸೀರೆಯನ್ನೂ ನೋಡಿದಳು. ಪಾಪ, ಒಮ್ಮೆ ಮೈಕ್ ಮುಂದೆ ಚೆನ್ನಾಗಿ ನಿಲ್ಲಬೇಕೆಂದು ಯಾರಿಗೆ ಆಸೆ ಇರುವುದಿಲ್ಲ?

"ನಿನ್ನೆ ಬಿದ್ದೆ ಬ್ರದರ್."

ಪ್ರಕಾಶ ಎದ್ದು ನಿಂತ. "ಬಿದ್ಯಾ? ಎಲ್ಲಿ?"

"ಅಡುಗೆಮನೇಲಿ. ಗ್ಯಾಸ್ ಆಫ್ ಮಾಡಿದ್ಮೇಲೇ ರೀ."

ಬ್ರದರ್ ಒಂದಿಷ್ಟೂ ಅಳುಕಲಿಲ್ಲ. ಅದನ್ನು ಮಾತ್ರ ಮೆಚ್ಚಬೇಕು. "ಭಯ ಪಡ್ಬೇಡಿ. ಅದು ಬಿಟ್ಟು ಹೋಗುವಾಗ ಜೋರಾಗಿ ಒದ್ದಾಡಿಸಿಯೇ ಹೋಗೋದು. ಇಲ್ಲೇ ಬರ್ದಿದೆ. ಇದೇ ಲಾಸ್ಟು."

"ಬಿಟ್ಟು ಹೋಗೋದಾದ್ರೆ ಗ್ಯಾಸ್ ಒಲೆ ಪಕ್ಕದಿಂದ್ಲೇ ಹೋಗ್ಬೇಕಾ ಬ್ರದರ್?" ಅಂದ ಪ್ರಕಾಶ. "ಬೀದಿ ಬಾಗ್ಲು ತೆಗ್ದೇ ಇತ್ತಲ್ಲ?"

ಮಾತುಗಾರನಲ್ಲ ಅಂದೆನಲ್ಲ, ಆ ಮಾತು ವಾಪಸ್ ತಗೊಂಡಿದ್ದೇನೆ.

ಹೊರಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿ ಬಂದ. ಅವರು ಚೆನ್ನಾಗಿ ಬೈದರಂತೆ. ಇವತ್ತಿನಿಂದಲೇ ಮಾತ್ರೆ ಶುರು ಮಾಡಿ, ಒಲೆ ಹತ್ತಿರ ಒಬ್ಬಳನ್ನೇ ಬಿಡಬೇಡಿ, ಸೋಮವಾರ ಕರ್ಕೊಂಡು ಬನ್ನಿ ಅಂದರಂತೆ. ಗ್ರೇಸಿ ಎದ್ದು ಒಳಗೆ ಹೋದಳು. ಎಸೆದುಬಿಡು ಎಂದು ಬ್ರದರ್ ಹೇಳಿದ್ದ ಮಾತ್ರೆಗಳನ್ನು ಅವಳು ಎಸೆದಿರಲಿಲ್ಲ, ರವೆ ಡಬ್ಬಿಯ ಹಿಂದೆ ಇಟ್ಟಿದ್ದಳು. (ಸ್ತೋತ್ರ.) ಒಂದನ್ನು ಅಂಗೈಯಲ್ಲಿಟ್ಟುಕೊಂಡು ಬಂದು ಬ್ರದರ್ ಮುಂದೆ ಹಿಡಿದಳು.

"ಇದ್ರ ಮೇಲೆ ಪ್ರಾರ್ಥನೆ ಮಾಡಿ ಬ್ರದರ್. ತಗೋತೀನಿ."

ಜಗಳವಾಡುವ ದನಿಯಲ್ಲ ಅದು. ನಿಜವಾಗಿಯೂ ಕೇಳಿದಳು. ಅವಳಿಗೆ ಎರಡೂ ಬೇಕಿತ್ತು, ದೇವರೂ ಮಾತ್ರೆಯೂ. ಎರಡೂ ಒಂದೇ ಕೈಯಿಂದ ಬಂದದ್ದು ಎಂದು ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದಳು.

ಬ್ರದರ್ ಕನ್ನಡಕ ತೆಗೆದರು. "ಇದಕ್ಕೆಲ್ಲ ಪ್ರಾರ್ಥನೆ ಮಾಡಕ್ಕಾಗಲ್ಲಮ್ಮ. ಅಪನಂಬಿಕೆಗೆ ಆಶೀರ್ವಾದ ಮಾಡ್ದಂಗಾಗತ್ತೆ."

ಇದೇ ಬ್ರದರ್ ಪ್ರಕಾಶನ ಹೊಸ ಬೈಕಿನ ಹ್ಯಾಂಡಲ್ ಹಿಡಿದು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದವರು. ಬೋರ್‌ವೆಲ್ ಕೊರೆಯುವ ಜಾಗಕ್ಕೆ ಮಾಡಿದವರು. ಪಿಯುಸಿ ಮಕ್ಕಳ ಹಾಲ್ ಟಿಕೆಟ್‌ಗೆ ಸಾಲಾಗಿ ಕೈಯಿಟ್ಟು ಮಾಡಿದವರು. ಬೈಕಿಗೆ ಇನ್ಶೂರೆನ್ಸ್ ಮಾಡಿಸಿದ್ದು ಅಪನಂಬಿಕೆ ಅಲ್ಲ. ಓದಿಕೊಂಡು ಪರೀಕ್ಷೆಗೆ ಹೋದದ್ದು ಅಪನಂಬಿಕೆ ಅಲ್ಲ. ಒಂದು ಹೆಂಗಸು ಅಡುಗೆಮನೆಯಲ್ಲಿ ಬೀಳದೆ ಇರಲಿ ಎಂದು ನುಂಗುವ ಮಾತ್ರೆ ಮಾತ್ರ ಅಪನಂಬಿಕೆ!

ಅವರು ಬೈಬಲಿನ ಜಿಪ್ ಎಳೆದು ಎದ್ದರು. ಕಾಫಿ ಕುಡಿಯದೆ ಹೋದರು. ಗ್ರೇಸಿ ಅಂಗೈ ಚಾಚಿಕೊಂಡೇ ನಿಂತಿದ್ದಳು.

ಪ್ರಾರ್ಥನೆ ನಾನೇ ಮಾಡಿದೆ. ಅಭಿಷೇಕ, ಅಧಿಕಾರ ನನಗೆ ಯಾವುದೂ ಇಲ್ಲ. ಊಟಕ್ಕೆ ಮುಂಚೆ ಹೇಳುವ ಪ್ರಾರ್ಥನೆಯನ್ನೇ ಹೇಳಿದೆ, ಅನ್ನ ಅನ್ನುವ ಕಡೆ ಮಾತ್ರೆ ಅಂದೆ. ಇದನ್ನು ಕಂಡುಹಿಡಿದವರನ್ನು, ಅಂಗಡಿಗೆ ತಂದವರನ್ನು, ಬರೆದುಕೊಟ್ಟ ಡಾಕ್ಟರನ್ನು ಆಶೀರ್ವದಿಸು ಸ್ವಾಮಿ ಅಂದೆ. ಪ್ರಕಾಶ ಆಮೆನ್ ಅಂದ. ಗ್ರೇಸಿ ನುಂಗಿದಳು. ನಾಲಿಗೆಯ ಗಾಯಕ್ಕೆ ತಾಗಿರಬೇಕು, ಮುಖ ಕಿವುಚಿದಳು.

ಆ ರಾತ್ರಿ ಅಲ್ಲೇ ಉಳಿದೆ. ಭಾನುವಾರ ಗ್ರೂಪಿಗೆ ಹೋಗುವುದು ಬೇಡ ಅಂದರೆ ಗ್ರೇಸಿ ಕೇಳಲಿಲ್ಲ. "ಹೋಗ್ದಿದ್ರೆ ಹೆದರ್ಕೊಂಡ್ಲು ಅಂತಾರೆ ಅತ್ತಿಗೆ." ಅದೇ ಇಸ್ತ್ರಿ ಸೀರೆ ಉಟ್ಟುಕೊಂಡು ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಮ್ಮಿಬ್ಬರ ನಡುವೆ ಕೂತಳು. ಅವಳ ಹೆಸರು ಕರೆಯಲಿಲ್ಲ. ಪಕ್ಕದವರು ಒಬ್ಬರೂ ಹೇಗಿದ್ದೀಯ ಅನ್ನಲಿಲ್ಲ. ಸುದ್ದಿ ಸಭೆಗಿಂತ ಮುಂಚೆ ಬಂದು ಕೂತಿತ್ತು.

ಅವಳ ಬದಲು ಒಬ್ಬಾತ ಎದ್ದು ಸಾಕ್ಷಿ ಹೇಳಿದ. ಬಸ್‌ಸ್ಟ್ಯಾಂಡಿನಲ್ಲಿ ಅವನ ಮೊಬೈಲ್ ಕಳೆದುಹೋಗಿತ್ತಂತೆ. ಪ್ರಾರ್ಥನೆ ಮಾಡಿದನಂತೆ. ಇನ್ನೊಂದು ಪ್ಯಾಂಟಿನ ಜೇಬಿನಲ್ಲೇ ಸಿಕ್ಕಿತಂತೆ. ಸಭೆಗೆ ಸಭೆಯೇ ಹಲ್ಲೆಲೂಯ ಎಂದು ಕೂಗಿತು, ಚಪ್ಪಾಳೆ ನಿಲ್ಲಲಿಲ್ಲ.

ಇವತ್ತು ಬೆಳಿಗ್ಗೆ ಗ್ರೇಸಿ ಫೋನ್ ಮಾಡಿದ್ದಳು. ಡಾಕ್ಟರಿಗೆ ತೋರಿಸಿಕೊಂಡು ಬಂದಾಗಿದೆ, ಆಮೇಲೆ ಬಿದ್ದಿಲ್ಲ. ಇವತ್ತು ಪ್ರಕಾಶ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ, ಅವಳೇ ಅನ್ನ ಬಸಿದಳಂತೆ.

ಪ್ಯಾಂಟಿನ ಜೇಬಿನ ಮೊಬೈಲಿಗೆ ಅಷ್ಟು ಹಲ್ಲೆಲೂಯ ಆದರೆ, ಈ ಅನ್ನಕ್ಕೆ ಎಷ್ಟು?