ಮಲ್ಲಪ್ಪ ಮಿಸ್ತ್ರಿಯ ಕಿವಿ

ಮಲ್ಲಪ್ಪ ಮಿಸ್ತ್ರಿ ಕಿವ್ಯಾಗ ರಬ್ಬರ್ ನಳಿಗಿ ಇಟ್ಟುಕೊಂಡ ಅಂದರ ಸೊಲ್ಲಾಪುರದ ವಿಜಾಪುರ ರಸ್ತೆದಾಗ, ಅವನ ಗ್ಯಾರೇಜಿನ ಮುಂದ, ಟಾಂಗಾದವನೂ ಗಂಟಿ ಬಾರಿಸೂ ಹಂಗಿರಲಿಲ್ಲ. ಬಾರಿಸಿದರ ಅವನ ಅಪ್ಪ, ಅಜ್ಜ ಎಲ್ಲಾರನ್ನೂ ಎಬ್ಬಿಸಿ ಬೈತಿದ್ದ. ಗ್ಯಾರೇಜಿನ್ಯಾಗ ನಾನು ಕೆಮ್ಮಿದರೂ, "ಗಪ್ ನಿಂದ್ರೋ ಡ್ರೈವರಾ, ನಿನ್ನ ಗಂಟಲಾ ಆಮ್ಯಾಲ ನೋಡೂಣು" ಅಂತಿದ್ದ.

ನಾನು ಆಗ ಸೊಲ್ಲಾಪುರದ ಒಬ್ಬ ಅರಿವಿ ಅಂಗಡಿ ಸಾವಕಾರರ ಕಾರು ನಡಸ್ತಿದ್ದೆ. ಬಿಳಿಯರು ಬಿಟ್ಟು ಹೋದ ವಿಲಾಯತಿ ಗಾಡಿ. ಒಂದ ಇಂಜಿನ್ನಿಗೆ, ಪೆಟ್ರೋಲಿಗೆ ಗಾಳಿ ಕೂಡಿಸೂ ಕಾರ್ಬೊರೇಟರು ಎರಡು. ಎರಡೂ ಸಮಾ ಗಾಳಿ ಎಳೀಬೇಕು, ಇಲ್ಲಂದರ ಗಾಡಿ ಗಡಗಡ ನಡಗತೈತಿ. ಮಿಸ್ತ್ರಿ ಇಂಜಿನ್ ಚಾಲೂ ಇಟ್ಟು, ನಳಿಗಿಯ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಮುಂದಿನ ಕಾರ್ಬೊರೇಟರಿನ ಬಾಯಿಗೆ ಹಿಡೀತಿದ್ದ; ಆಮ್ಯಾಲ ಹಿಂದಿನದಕ್ಕ. "ಮುಂದಿಂದು ಹೊಟ್ಟಿತುಂಬ ಉಂಡು ಕುಂತೈತಿ, ಹಿಂದಿಂದು ಉಪಾಸ" ಅಂದು ಸ್ಕ್ರೂ ಒಂದೀಟು ತಿರುಗಿಸ್ತಿದ್ದ. ಎರಡರ ಸುಂಯ್ ಅನ್ನೂ ಸಪ್ಪಳ ಒಂದ ಆಗೂತನಕ ನೀರೂ ಕೇಳತಿರಲಿಲ್ಲ. ಕಡೀಕ ಎರಡರ ತಲಿಮ್ಯಾಗಿನ ಹಿತ್ತಾಳಿ ಮುಚ್ಚಳ ತಗದು, ಒಳಗಿನ ದಂಡ ಸಲೀಸ ಏರಿ ಇಳೀಲಿ ಅಂತ ತೆಳ್ಳನ ಇಂಜಿನ್ ಎಣ್ಣಿ ಹನಿಸಿ, ಆಮ್ಯಾಲ ಚಾ ತರಿಸ್ತಿದ್ದ.

ಒಂದು ವರ್ಷ ದಸರಾಕ್ಕ ಮೊದಲ ಗಾಡಿ ಹದಾ ಮಾಡಿಕೊಟ್ಟಿದ್ದ. ತುಳಸಿ ಲಗ್ನ ಆದಮ್ಯಾಲ ಅಕ್ಕಲಕೋಟದಾಗ ಸಾವಕಾರರ ಮಗಳ ಮದವಿ ಇತ್ತು, ಅದಕ್ಕ. ಖಂಡೇನವಮಿ ದಿನ ನಾನು ನಮ್ಮೂರು ಕುರನೂರಿಗೆ ಹೋಗಿದ್ದೆ. ಗಾಡಿ ಪೂಜಾ ಮಾಡಿದಾಕಿ ಸಾವಕಾರರ ತಾಯಿ. ಎಲ್ಲಾರೂ ಆಕಿಗೆ ಆಯಿ ಅಂತಿದ್ದಿವಿ. ಮಿಸ್ತ್ರಿ ಎಣ್ಣಿ ಹಾಕೂದನ್ನ ಆಯಿ ನೋಡಿದ್ದಳು. ಹಬ್ಬದ ದಿನ ಗಾಡಿನೂ ಉಣ್ಣಲಿ ಅಂತ, ಮುಂದಿನ ಕಾರ್ಬೊರೇಟರಿನ ಮುಚ್ಚಳ ತಿರುವಿ, ಅಡಗಿಮನಿ ಕುಸುಬಿ ಎಣ್ಣಿ ಸುರವಿಬಿಟ್ಟಳು. ಗಾಡಿ ಮದವಿತನಕ ನಿಂತಲ್ಲೇ ನಿಂತಿತ್ತು. ಕುಸುಬಿ ಎಣ್ಣಿ ನಿಂತರ ಅಂಟು ಆಗತೈತಿ.

ಸೊಲ್ಲಾಪುರದಿಂದ ಗಾಡಿ ಹೆಂಗೋ ಎಳಕೊಂಡು ಬಂದು, ಅಕ್ಕಲಕೋಟದಾಗ ಮದುಮಗನ್ನ ಕೂಡಿಸಿಕೊಂಡು ಹಂದರದ ಮುಂದ ಬಂದಿನಿ. ಗಾಡಿ ಕೆಮ್ಮಿತು, ಕರಿ ಹೊಗಿ ಬಿಟ್ಟಿತು, ನಿಂತ ಬಿಟ್ಟಿತು. ಮಿಸ್ತ್ರಿನೂ ಊಟಕ್ಕ ಬಂದಿದ್ದ, ಹೊಸಾ ಪಟಗಾ ಸುತ್ತಿಕೊಂಡು. ಬೀಗರ ಎದುರಿಗೆ ಸಾವಕಾರರು ಅವನ ಮ್ಯಾಲ ಹರಿಹಾಯ್ದರು: "ಕಳ್ಳ ಸೂಳೆಮಗನ, ಕೆಲಸ ಮಾಡದ ಮಾಡೀನಿ ಅಂದಿ. ನನ್ನ ಮರ್ಯಾದಿ ತಗದಿ."

ಮಿಸ್ತ್ರಿ ಬಾನೆಟ್ ಎತ್ತಿದ, ಮುಚ್ಚಳ ತಗದ, ಬೆರಳು ಅದ್ದಿ ಮೂಸಿ ನೋಡಿದ. "ಸಾವಕಾರ್ರ, ಇದು ಕುಸುಬಿ ಎಣ್ಣಿ. ನನ್ನ ಗ್ಯಾರೇಜಿಂದಲ್ರಿ."

"ಹೌದೋ ಯಪ್ಪಾ, ಹಬ್ಬಕ್ಕ ನಾನ ಹಾಕಿದ್ದೆ" ಅಂದಳು ಆಯಿ. ಪಾಪ, ಆಕಿಗೇನು ಗೊತ್ತು. ಮಂದಿ ಎಲ್ಲಾ ನಕ್ಕಿತು. ಸಾವಕಾರರೂ ನಕ್ಕರು. "ಹೋಗ್ಲಿ ಬಿಡು ಮಿಸ್ತ್ರಿ, ಊಟಕ್ಕ ಏಳು" ಅಂದರು. ಅಷ್ಟ. ಇವತ್ತಿಗೂ ಆ ನಗಿ ನೆನಸಿಕೊಂಡರ ನನ್ನ ಮೈ ಉರೀತೈತಿ.

"ಬೈದದ್ದು ನಾಕು ಮಂದ್ಯಾಗ. ತಪ್ಪಾತು ಅನ್ನೂದೂ ನಾಕು ಮಂದ್ಯಾಗ ಆಗಲ್ರಿ" ಅಂದ ಮಿಸ್ತ್ರಿ. ಸಾವಕಾರರು ಬೀಗರ ಕಡೆ ಹೊಳ್ಳಿದರು. ಮಿಸ್ತ್ರಿ ಉಣ್ಣದ ಹ್ವಾದ.

ಆಮ್ಯಾಲ ಆ ಗಾಡಿ ಅವ ಮುಟ್ಟಲಿಲ್ಲ. ಬ್ಯಾರೆ ಮಿಸ್ತ್ರಿಗಳು ಎಣ್ಣಿ ತೊಳದರು, ಸ್ಕ್ರೂ ತಿರುವಿದರು, ನಡುಕ ಹೋಗಲಿಲ್ಲ. ಸಾವಕಾರರು ನನ್ನ ಕೈಲೆ ಪೇಢೆ ಕಳಿಸಿದರು, ಧೋತರ ಕಳಿಸಿದರು. ಒಂದು ಮಾತು ಮಾತ್ರ ಕಳಿಸಲಿಲ್ಲ. ಮಿಸ್ತ್ರಿ ಪೇಢೆ ಟಾಂಗಾದವರಿಗೆ ಹಂಚಿದ.

ನನಗ ಅವನ ಮ್ಯಾಲೂ ಸಿಟ್ಟು. ದಿನಾ ಆ ನಡಗೂ ಗಾಡ್ಯಾಗ ಕೂಡಾಂವ ನಾನು. "ನನ್ನ ಸಲುವಾಗಿ ಒಮ್ಮೆ ನಳಿಗಿ ಹಚ್ಚೋ ಮಾರಾಯಾ" ಅಂದೆ. ಕಡೀ ಸಲ ಮಾತಾಡಿದ್ದು ಅದ. ಲಾರಿ ಕೆಳಗ ಮಲಕೊಂಡಿದ್ದಾಂವ ಮುಖಾನೂ ಹೊರಗ ಹಾಕಲಿಲ್ಲ. "ನಿಂದಲ್ಲೋ ಆ ಗಾಡಿ. ಅವರ್ದು" ಅಂದ. ಹಟಮಾರಿ ಮೂಳ.

ಮುಂದ ಒಂದು ಬ್ಯಾಸಗ್ಯಾಗ ಮಿಸ್ತ್ರಿ ಕಾಮಾಲಿ ಆಗಿ ಸತ್ತ. ಅವನ ಊರು ಅಕ್ಕಲಕೋಟದಾಗ ಮಣ್ಣಾತು. ಸಾವಕಾರರನ್ನ ಅದ ಗಾಡ್ಯಾಗ ನಾನ ಕರಕೊಂಡು ಹೋದೆ. ಅಂಗಳತುಂಬ ಮಂದಿ. ಸಾವಕಾರರು ಮಿಸ್ತ್ರಿ ಹೇಣ್ತಿ ಮುಂದ ಕೈಮುಗದು, ಎಲ್ಲಾರಿಗೂ ಕೇಳೂ ಹಂಗ, "ತಂಗಿ, ಅವತ್ತು ನನ್ನದ ತಪ್ಪಾತವ್ವಾ" ಅಂದರು. ಕಣ್ಣಾಗ ನೀರು ಬ್ಯಾರೆ.

ನನಗ ತಡಕೊಳ್ಳಾಕ ಆಗಲಿಲ್ಲ. "ಕೇಳೂ ಕಿವಿ ಮಣ್ಣಾಗ ಇಟ್ಟು ಬಂದಮ್ಯಾಲ ಹೇಳತೀರೇನ್ರಿ?" ಅಂದೆ. ಗಾಡಿ ಕೀಲಿ ಅವರ ಕೈಯಾಗ ಇಟ್ಟು ಎಸ್ಟಿ ಬಸ್ ಸ್ಟ್ಯಾಂಡಿನ ಕಡೆ ನಡದೆ.

ಬೆನ್ನ ಹಿಂದ ಯಾರೋ ಗಾಡಿ ಚಾಲೂ ಮಾಡಿದರು. ಅದ ಗಡಗಡ ಸಪ್ಪಳ; ಹಿಂದಿನ ಕಾರ್ಬೊರೇಟರು ಇನ್ನೂ ಉಪಾಸ ಇತ್ತು.